ಮಗ್ಗದ ಸದ್ದಿಗೆ ಕುಣಿದ ದೀಪಗಳು: ವಡಗಾವಿಯ ಗಣೇಶ ಮಂಟಪವೊಂದರ ಪ್ರಕರಣ ಅಧ್ಯಯನ

ಬೆಳಗಾವಿಯ ವಡಗಾವಿ, ಖಾಸಬಾಗ, ಶಹಾಪುರದ ಗಲ್ಲಿಗಳಲ್ಲಿ ಗಣಪತಿ ಮಂಟಪ ಎದ್ದಿತೆಂದು ಪಕ್ಕದ ಮನೆಯ ಮಗ್ಗ ನಿಲ್ಲುವುದಿಲ್ಲ. ಗೋಡೆಗೆ ಗೋಡೆ ಹತ್ತಿದ ಮನೆಗಳು, ಒಳಗೆ ಪಾವರ್‌ಲೂಮ್, ಹೊರಗೆ ಹಬ್ಬ. ಈ ಪ್ರಕರಣ ವಡಗಾವಿಯ ಅಂಥ ಒಂದು ಗಲ್ಲಿಯ ಸಾರ್ವಜನಿಕ ಮಂಟಪದ್ದು. ಹಾಡಿನ ಏರಿಳಿತಕ್ಕೆ ತಕ್ಕಂತೆ ಬೆಳಗಬೇಕಿದ್ದ ಎಲ್‌ಇಡಿ ಕಮಾನು ಹಾಡು ನಿಂತಾಗ ಕುಣಿಯುತ್ತಿತ್ತು. ಢೋಲ್-ತಾಶಾ ಶುರುವಾದರೆ ಪೂರ್ತಿ ಬಿಳಿಯಾಗಿ ಹೆಪ್ಪುಗಟ್ಟುತ್ತಿತ್ತು. ಒಂದು ದುರಸ್ತಿ ಮಾಡಿದ ಮೇಲೆ ರಾತ್ರಿ ಹತ್ತರ ನಂತರ ಸತ್ತಂತಾಯಿತು. ಸದ್ದಿನ ಮಟ್ಟವೊಂದನ್ನೇ ನೋಡಿ ದೀಪಕ್ಕೆ ಅಪ್ಪಣೆ ಕೊಡುವ ಕಡೆಯಲ್ಲೆಲ್ಲ ಇಂಥ ತೊಂದರೆಗಳು ಬರಬಹುದು. ಆದ್ದರಿಂದ ಇಲ್ಲಿ ಏನಾಯಿತು, ಯಾಕಾಯಿತು ಎಂಬುದನ್ನು ಅಳತೆಗಳ ಸಮೇತ ಬಿಡಿಸಿ ಬರೆಯಲಾಗಿದೆ.

ಮೊದಲು ಇದ್ದ ವ್ಯವಸ್ಥೆ

ಮಂಟಪದ ಎರಡು ಕಂಬ ಮತ್ತು ಮೇಲಿನ ಕಮಾನಿಗೆ ಸೇರಿ 10 ಮೀಟರ್ ಡಬ್ಲ್ಯೂಎಸ್2812ಬಿ ಪಟ್ಟಿ (ಪ್ರತಿ ದೀಪಕ್ಕೂ ಬೇರೆ ಬೇರೆ ಅಪ್ಪಣೆ ಕೊಡಬಹುದಾದ ಎಲ್‌ಇಡಿ), ಮೀಟರಿಗೆ 60ರಂತೆ ಒಟ್ಟು 600 ದೀಪ. ವಿದ್ಯುತ್ತಿಗೆ 5 ವೋಲ್ಟಿನ 40 ಆಂಪಿಯರ್ ಎಸ್‌ಎಂಪಿಎಸ್ (ಪವರ್ ಸಪ್ಲೈ ಡಬ್ಬಿ) ಒಂದು. ನಡೆಸಲು ಒಂದು ಇಎಸ್‌ಪಿ32 (ಪ್ರೋಗ್ರಾಂ ಹಾಕಬಹುದಾದ ಚಿಕ್ಕ ನಿಯಂತ್ರಕ ಹಲಗೆ). ಸದ್ದು ಕೇಳಲು ಮ್ಯಾಕ್ಸ್9814 ಆಂಪ್ಲಿಫೈಯರ್ ಇರುವ ಚಿಕ್ಕ ಮೈಕ್ ಹಲಗೆ. ಅದನ್ನು ಎಡಗಂಬಕ್ಕೆ ಅಂಟಿಸಿ ಇಎಸ್‌ಪಿ32ರ ಅನಲಾಗ್ ಪಿನ್ನಿಗೆ ಜೋಡಿಸಿದ್ದರು. ಮೂರ್ತಿಯ ಹಿಂದೆ ಬಿಳಿ ಪರದೆ, ಅದರ ಮೇಲೆ ಲ್ಯಾಪ್‌ಟಾಪಿನಿಂದ ಪ್ರಾಜೆಕ್ಟ್‌ಎಂ ಎಂಬ ಉಚಿತ ವಿಶುವಲೈಸರಿನ (ಹಾಡಿಗೆ ತಕ್ಕಂತೆ ಚಿತ್ರ ಮೂಡಿಸುವ ಸಾಫ್ಟ್‌ವೇರಿನ) ಚಿತ್ರಗಳು.

ದೀಪ ಬೆಳಗಿಸುವ ನಿಯಮ ಸರಳವಾಗಿತ್ತು. 50 ಮಿಲಿಸೆಕೆಂಡಿಗೊಮ್ಮೆ ಮೈಕಿನ ಗರಿಷ್ಠ ಮತ್ತು ಕನಿಷ್ಠ ಮಾಪನಗಳ ಅಂತರ ತೆಗೆಯುವುದು; ಮಾಪನದ ಗರಿಷ್ಠವಾದ 4095ರಲ್ಲಿ ಅದು 600 ದಾಟಿದರೆ ಬಿಳಿ ಮಿಂಚು. ಈ 600ರ ಗೆರೆಯೇ ಹೊಸ್ತಿಲು. ಮನೆಯಲ್ಲಿ ಮೊಬೈಲಿನ ಹಾಡು ಹಾಕಿ ನೋಡಿದಾಗ ಇದು ಚೆನ್ನಾಗಿಯೇ ನಡೆದಿತ್ತು. ಮನೆಯ ಮೇಜಿನ ಮೇಲೆ ಒಂದೇ ಸದ್ದು ಇರುತ್ತದೆ, ಒಂದೇ ದೂರ, ಒಂದೇ ವಾಲ್ಯೂಮ್. ಗಲ್ಲಿಯಲ್ಲಿ ಹಾಗಿಲ್ಲ. ಸಂಜೆ ಆರತಿಗೆ ಢೋಲ್-ತಾಶಾ, ಆಮೇಲೆ ಹಾರ್ಮೋನಿಯಂ, ತಬಲಾ, ತಾಳದ ಭಜನೆ, ನಡುನಡುವೆ ಕನ್ನಡ ಮತ್ತು ಮರಾಠಿಯ ರೆಕಾರ್ಡ್ ಹಾಡು, ಇವೆಲ್ಲದರ ಅಡಿಯಲ್ಲಿ ಬಿಡದೆ ಮಗ್ಗ.

ಕರೆಂಟು ಹೋದಾಗ ಸಿಕ್ಕ ಸುಳಿವು

ಹಾಡುಗಳ ನಡುವೆ ದೀಪ ಮಿಂಚುವುದಕ್ಕೆ ಮೊದಲ ಸಂಶಯ ಹೋದದ್ದು ಜನರೇಟರಿನ ಗುಂಯ್‌ಗುಡುವಿಕೆ ಮತ್ತು ವಯರಿಂಗ್ ಮೇಲೆ. ಆದರೆ ಕರೆಂಟು ಹೋಗಿ ಮಂಟಪ ಪೂರ್ತಿ ಜನರೇಟರ್ ಮೇಲೆ ನಡೆದ ಇಪ್ಪತ್ತು ನಿಮಿಷ, ಹಾಡುಗಳ ನಡುವಿನ ಮಿಂಚು ಬಹುಪಾಲು ನಿಂತುಬಿಟ್ಟಿತು. ಜನರೇಟರ್ ಕೂಗುತ್ತಿತ್ತು, ನಿಂತದ್ದು ಮಗ್ಗಗಳು. ಕರೆಂಟು ಮರಳಿತು, ಮಗ್ಗ ಹತ್ತಿದವು, ಕಮಾನು ಮತ್ತೆ ಕುಣಿಯಿತು.

ಸಾಮಾನ್ಯ ಪಾವರ್‌ಲೂಮ್ ನಿಮಿಷಕ್ಕೆ ಸುಮಾರು 120ರಿಂದ 150 ಸಲ ಲಾಳಿ ಹೊಡೆಯುತ್ತದೆ, ಅಂದರೆ ಸೆಕೆಂಡಿಗೆ ಎರಡು, ಎರಡೂವರೆ ಏಟು. ಮಧ್ಯಲಯದ ಭಜನೆಯ ಬಡಿತವೂ ಅಷ್ಟೇ. ಹಾಗಾಗಿ ದೀಪ ಮಿಂಚುವುದು ನೋಡುವವರಿಗೆ ತಪ್ಪಾಗಿ ಕಾಣಲಿಲ್ಲ. ಯಾವುದೋ ಹಾಡಿನ ಬೀಟ್ ಇರಬೇಕು ಅನ್ನಿಸುವಷ್ಟು ನಿಯಮಿತವಾಗಿತ್ತು. ತಪ್ಪು ಎರಡು ದಿನ ಕಣ್ಣಿಗೆ ಬೀಳದಿರಲು ಇದೂ ಒಂದು ಕಾರಣ.

ಕಂಬದ ಹತ್ತಿರ ಅಳೆದಾಗ ಮಗ್ಗದ ಸದ್ದು 66ರಿಂದ 68 ಡೆಸಿಬಲ್, ಭಜನೆಯ ಸ್ಪೀಕರ್ ಸದ್ದು ಸುಮಾರು 88. ನಡುವೆ 20 ಡೆಸಿಬಲ್ ಅಂತರವಿದೆ. ಇಷ್ಟು ಅಂತರವಿದ್ದೂ ಮೈಕಿಗೆ ಎರಡೂ ಒಂದೇ ಆಗಿ ಕಂಡದ್ದಕ್ಕೆ ಕಾರಣ ಮ್ಯಾಕ್ಸ್9814ರೊಳಗಿನ ತಾನೇ ತಾನಾಗಿ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಬದಲಿಸುವ ಎಜಿಸಿ. ಸದ್ದು ಸಣ್ಣದಾದರೆ ಗೇನ್ ಏರಿಸುವುದು, ದೊಡ್ಡದಾದರೆ ಇಳಿಸುವುದು ಅದರ ಕೆಲಸ. ಮಾತು ರೆಕಾರ್ಡ್ ಮಾಡಲು ಇದು ಒಳ್ಳೆಯದು. ಸದ್ದಿನ ಏರಿಳಿತವನ್ನೇ ದೀಪವಾಗಿಸಲು ಹೊರಟವರಿಗೆ ಇದು ಕಚ್ಚಾವಸ್ತುವನ್ನೇ ಕದಿಯುವ ಚಿಪ್. ಗೇನ್ ಪಿನ್ನನ್ನು ಎಲ್ಲಿಗೂ ಜೋಡಿಸದೆ ಬಿಟ್ಟರೆ ಗರಿಷ್ಠ ಗೇನ್ 60 ಡೆಸಿಬಲ್. ನೆಲಕ್ಕೆ (ಸರ್ಕ್ಯೂಟಿನ ಗ್ರೌಂಡ್‌ಗೆ) ಜೋಡಿಸಿದರೆ 50, ವಿದ್ಯುತ್ ಪಿನ್ನಿಗೆ ಜೋಡಿಸಿದರೆ 40. ಇಲ್ಲಿ ಅದು ಜೋಡಿಸದೆಯೇ ಇತ್ತು. ಅಟ್ಯಾಕ್-ರಿಲೀಸ್ ಪಿನ್ ಕೂಡ ಹಾಗೇ ಇದ್ದರೆ ಗೇನ್ ಇಳಿಯುವ ಮತ್ತು ಏರುವ ಸಮಯಗಳ ಅನುಪಾತ 1:4000. ಟೈಮಿಂಗ್ ಕೆಪ್ಯಾಸಿಟರ್ 470 ನ್ಯಾನೊಫ್ಯಾರಡ್ ಇದ್ದಲ್ಲಿ ಗೇನ್ ಇಳಿಯಲು ಸುಮಾರು 1 ಮಿಲಿಸೆಕೆಂಡು, ಮತ್ತೆ ಏರಲು ನಾಲ್ಕು ಸೆಕೆಂಡಿಗೂ ಮಿಕ್ಕಿ. ಕಣ್ಣೆದುರು ನಡೆಯುತ್ತಿದ್ದದ್ದೂ ಅದೇ. ಹಾಡು ನಿಂತ ಮೇಲೆ ನಾಲ್ಕೈದು ಸೆಕೆಂಡು ಕಮಾನು ಸುಮ್ಮನಿರುತ್ತಿತ್ತು, ಆಮೇಲೆ ಮಗ್ಗಕ್ಕೆ ತಾಳ ಹಾಕಲು ಶುರುಮಾಡುತ್ತಿತ್ತು.

ಢೋಲ್ ಬಂದಾಗ ಹೆಪ್ಪುಗಟ್ಟುವುದಕ್ಕೂ ಇದೇ ಉತ್ತರ. ಮ್ಯಾಕ್ಸ್9814ರ ಹೊರಹರಿವು 2 ವೋಲ್ಟಿನ ಆಸುಪಾಸಿಗೆ ಮಿತಿಗೊಳ್ಳುತ್ತದೆ. ಎರಡು ಮೀಟರ್ ದೂರದಲ್ಲಿ ಆರೇಳು ಢೋಲ್ ಬಾರಿಸಿದರೆ ಏಟಿಗೂ ಏಟಿಗೂ ನಡುವಿನ ಅನುರಣನವೇ 600ರ ಗೆರೆಯ ಮೇಲಿರುತ್ತದೆ. ಗೆರೆಯ ಕೆಳಗೆ ಇಳಿಯದ ಸದ್ದಿಗೆ ಏಟು ಎಂಬುದೇ ಇಲ್ಲ.

ತನ್ನ ದೀಪಕ್ಕೆ ತಾನೇ ಬೆಚ್ಚುವ ಮೈಕು

ಮಗ್ಗ ನಿಂತಾಗ ಮಿಂಚು ಬಹುಪಾಲು ನಿಂತಿತು ಎಂದೆವು, ಪೂರ್ತಿ ನಿಂತಿರಲಿಲ್ಲ. ಆಗಾಗ ಒಂದು ಮಿಂಚು ಬಂದರೆ ಅದರ ಹಿಂದೆ ಐದಾರು ಮಿಂಚು ಸರಣಿಯಾಗಿ ಬರುತ್ತಿದ್ದವು. ಇದನ್ನು ಪತ್ತೆ ಹಚ್ಚುವ ಪರೀಕ್ಷೆ ಐದು ನಿಮಿಷದ್ದು: ಮೈಕನ್ನು ದಪ್ಪ ಸ್ಪಂಜಿನಲ್ಲಿ ಸುತ್ತಿ ಡಬ್ಬಿಯೊಳಗೆ ಇಡಿ, ಸದ್ದಿಗೆ ಪ್ರತಿಕ್ರಿಯಿಸುವ ಭಾಗವನ್ನು ಆರಿಸಿ, ದೀಪಗಳನ್ನು ಕೈಯಾರೆ ಕಪ್ಪು, ಅರೆಬಿಳಿ, ಪೂರ್ಣಬಿಳಿ ಮಾಡುತ್ತ ಮೈಕಿನ ಮಾಪನ ಗಮನಿಸಿ. ಇಲ್ಲಿ ಅರೆಬಿಳಿಯಲ್ಲಿ ಮಾಪನ 70ರಿಂದ 900ಕ್ಕೆ ಹಾರಿತು.

ಸದ್ದಿಲ್ಲದೆ ಮಾಪನ ಏರಿದರೆ ಅದು ವಿದ್ಯುತ್ ದಾರಿಯಿಂದ ಬಂದದ್ದು. ಡಬ್ಲ್ಯೂಎಸ್2812 ಜಾತಿಯ ದೀಪಗಳು ಹೊಳಪನ್ನು ಆರಿಸಿ ಹೊತ್ತಿಸಿ ನಿಯಂತ್ರಿಸುತ್ತವೆ. ಹಳೆಯ ತಯಾರಿಕೆಯಲ್ಲಿ ಆ ಆವರ್ತನ ಸುಮಾರು 400 ಹರ್ಟ್ಜ್, ಅಂದರೆ ನೇರವಾಗಿ ಗಾಯನದ ಪಟ್ಟಿಯೊಳಗೆ. ಪೂರ್ಣಬಿಳಿಯಲ್ಲಿ ಆರಿಸುವ ಕ್ಷಣವೇ ಇಲ್ಲವಾದ್ದರಿಂದ ಗದ್ದಲ ಅರೆಬಿಳಿಗಿಂತ ಕಡಿಮೆ. ಪರೀಕ್ಷೆಯಲ್ಲಿ ಅರೆಬಿಳಿ ಸೇರಿಸಲು ಕಾರಣ ಇದು. ಹತ್ತಾರು ಆಂಪಿಯರ್ ಹರಿಯುವ ನೆಲದ ತಂತಿಯನ್ನೇ ಮೈಕೂ ಹಂಚಿಕೊಂಡಿತ್ತು. 60 ಡೆಸಿಬಲ್ ಗೇನ್ ಅಂದರೆ ವೋಲ್ಟೇಜಿನಲ್ಲಿ 1000 ಪಟ್ಟು. ನೆಲದ ತಂತಿಯ ಅರ್ಧ ಮಿಲಿವೋಲ್ಟ್ ನಡುಕ ಹೊರಗೆ ಅರ್ಧ ವೋಲ್ಟಾಗುತ್ತದೆ, ಅದು ಮಿಂಚಾಗುತ್ತದೆ, ಮಿಂಚು ಮತ್ತೆ ನಡುಕ ಹುಟ್ಟಿಸುತ್ತದೆ. ಅನಲಾಗ್ ಮೈಕನ್ನು ದೀಪದ ಎಸ್‌ಎಂಪಿಎಸ್‌ನಿಂದಲೇ ನಡೆಸುವ ಎಲ್ಲ ಕಡೆ ಈ ಪರೀಕ್ಷೆ ಕಡ್ಡಾಯವಾಗಿ ಮಾಡಬೇಕು. ಮಾಡದೆ ಹೊಸ್ತಿಲು ಹೊಂದಿಸುತ್ತ ಕೂತರೆ ದಿನಗಟ್ಟಲೆ ವ್ಯರ್ಥವಾಗುತ್ತದೆ.

ಅವಸರದ ದುರಸ್ತಿ, ಹೊಸ ತೊಂದರೆ

ಮಗ್ಗದ ಕಾಟ ತಪ್ಪಿಸಲು ಮೊದಲು ಮಾಡಿದ್ದು ಎರಡು ಬದಲಾವಣೆ, ಒಂದೇ ಸಂಜೆ: ಗೇನ್ 40 ಡೆಸಿಬಲ್ಲಿಗೆ ಇಳಿಸಿದ್ದು, ಹೊಸ್ತಿಲನ್ನು 600ರಿಂದ 1500ಕ್ಕೆ ಏರಿಸಿದ್ದು. ಮಗ್ಗದ ಮಿಂಚು ನಿಂತಿತು. ಆದರೆ ಹತ್ತು ಗಂಟೆಗೆ ಕಮಾನು ಆರಿತು.

2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ತೆರೆದ ಜಾಗದಲ್ಲಿ ಧ್ವನಿವರ್ಧಕ ನಿಷಿದ್ಧ; ಹಬ್ಬಗಳಿಗಾಗಿ ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ಸಡಿಲಿಸಬಹುದು. ಸಡಿಲಿಕೆ ಇದ್ದ ದಿನಗಳಲ್ಲೂ ಈ ಮಂಟಪದವರು ಹತ್ತಕ್ಕೆ ಸ್ಪೀಕರ್ ಬಹಳ ಇಳಿಸುತ್ತಾರೆ. ಗಲ್ಲಿಯಲ್ಲಿ ಮಕ್ಕಳಿದ್ದಾರೆ, ಹಿರಿಯರಿದ್ದಾರೆ. 88 ಡೆಸಿಬಲ್ ಇದ್ದದ್ದು 74ಕ್ಕೆ ಬಂತು. 14 ಡೆಸಿಬಲ್ ಇಳಿತವೆಂದರೆ ಮೈಕಿನ ವೋಲ್ಟೇಜ್ ಐದರಲ್ಲಿ ಒಂದು ಪಾಲು. 1500ರ ಹೊಸ್ತಿಲು ದಾಟುವ ಶಕ್ತಿ ಅದಕ್ಕೆಲ್ಲಿಂದ?

ಗೇನ್ ಒಂದನ್ನೇ ಇಳಿಸಿ ನೋಡಿದ್ದರೆ ಮಗ್ಗದ ಸದ್ದು ಹಳೆಯ 600ರ ಕೆಳಗೇ ಉಳಿಯುತ್ತಿತ್ತು. ಎರಡನ್ನು ಒಟ್ಟಿಗೆ ಬದಲಿಸಿದ್ದರಿಂದ ಯಾವುದು ಕೆಲಸ ಮಾಡಿತು, ಯಾವುದು ಕೆಡಿಸಿತು ಎಂದು ಯಾರಿಗೂ ತಿಳಿಯಲಿಲ್ಲ.

ಭಜನೆಗೆ ತಂತಿ, ಢೋಲಿಗೆ ಮೈಕು

ಸರಿಪಡಿಸುವ ಮೊದಲ ಹೆಜ್ಜೆ ಸದ್ದುಗಳನ್ನು ಬೇರೆ ಬೇರೆ ದಾರಿಯಿಂದ ತರುವುದು. ಭಜನೆ ಮತ್ತು ರೆಕಾರ್ಡ್ ಹಾಡು ಹೇಗೂ ಮಿಕ್ಸರ್ ಮೂಲಕ ಹೋಗುತ್ತವೆ; ಅವನ್ನು ಗಾಳಿಯಿಂದ ಹಿಡಿಯುವ ಅಗತ್ಯವೇ ಇಲ್ಲ. ಢೋಲ್ ಮಾತ್ರ ಮಿಕ್ಸರಿಗೆ ಬರುವುದಿಲ್ಲ, ಅದಕ್ಕೆ ಮೈಕ್ ಬೇಕೇ ಬೇಕು.

ಮಿಕ್ಸರಿನಿಂದ ತೆಗೆದದ್ದು ಪ್ರೀ-ಫೇಡರ್ ಆಕ್ಸ್, ಅಂದರೆ ವಾಲ್ಯೂಮ್ ಸರಿಸುವ ಫೇಡರಿಗೂ ಮೊದಲೇ ಸಂಕೇತ ತೆಗೆದುಕೊಡುವ ಹೆಚ್ಚುವರಿ ದಾರಿ. ಇಲ್ಲಿ ಪ್ರೀ-ಫೇಡರ್ ಎಂಬ ಮಾತೇ ಮುಖ್ಯ. ಹತ್ತು ಗಂಟೆಗೆ ಆಪರೇಟರ್ ಮುಖ್ಯ ಫೇಡರ್ ಇಳಿಸಿದರೂ ಈ ದಾರಿಯ ಮಟ್ಟ ಇಳಿಯುವುದಿಲ್ಲ. ರಾತ್ರಿಯ ತೊಂದರೆ ಅಷ್ಟಕ್ಕೇ ಮುಗಿಯಿತು. ಆಪರೇಟರ್ ಚಾನೆಲ್ ಗೇನನ್ನೇ ಇಳಿಸಿದರೆ ಇದೂ ಇಳಿಯುತ್ತದೆ, ಅದನ್ನು ಅವರಿಗೆ ಮೊದಲೇ ತಿಳಿಸಬೇಕು.

ಆಕ್ಸ್ ಸಂಕೇತವನ್ನು ಡಿಜಿಟಲ್ ಮಾಡಲು ಪಿಸಿಎಂ1808 ಹಲಗೆ. 5 ವೋಲ್ಟಿನ ಅನಲಾಗ್ ಸರಬರಾಜಿನಲ್ಲಿ ಇದರ ಒಳಹರಿವಿನ ತುದಿ 3 ವೋಲ್ಟ್, ಶಿಖರದಿಂದ ಶಿಖರಕ್ಕೆ. ಮಿಕ್ಸರುಗಳು ಜೋರಾದಾಗ +22 ಡಿಬಿಯು (ಆಡಿಯೊ ಸಂಕೇತದ ವೋಲ್ಟೇಜ್ ಮಟ್ಟದ ಅಳತೆ) ಕೊಡಬಲ್ಲವು, ಅದು 27 ವೋಲ್ಟಿಗೂ ಹೆಚ್ಚು. ನೇರ ಜೋಡಿಸಿದರೆ ಚಿಪ್‌ಗೆ ಅಪಾಯ. 10 ಕಿಲೋಓಮ್ ಸರಣಿಯಲ್ಲಿ, 1 ಕಿಲೋಓಮ್ ನೆಲಕ್ಕೆ ಹಾಕಿದರೆ 11ರಲ್ಲಿ ಒಂದು ಪಾಲು ಉಳಿಯುತ್ತದೆ, 27.6 ವೋಲ್ಟ್ ಬಂದರೂ 2.5. ಅದಕ್ಕೂ ಮೊದಲು 600 ಓಮಿನ 1:1 ಆಡಿಯೊ ಟ್ರಾನ್ಸ್‌ಫಾರ್ಮರ್ ಇಟ್ಟು ಮಿಕ್ಸರಿನ ನೆಲ ಮತ್ತು ದೀಪದ ನೆಲವನ್ನು ಬೇರ್ಪಡಿಸಲಾಯಿತು. ಇಲ್ಲದಿದ್ದರೆ ದೀಪದ ಗದ್ದಲ ಸ್ಪೀಕರಿನಲ್ಲೇ ಕೇಳುತ್ತದೆ, ಸ್ಪೀಕರಿನವರು ಬಂದು ನಿಮ್ಮ ತಂತಿ ಕಿತ್ತು ಹೋಗುತ್ತಾರೆ, ಅದು ನ್ಯಾಯವೇ. ಅಗ್ಗದ ಚಿಕ್ಕ ಟ್ರಾನ್ಸ್‌ಫಾರ್ಮರುಗಳು ಜೋರು ಬೇಸ್‌ನಲ್ಲಿ ವಿರೂಪಗೊಳ್ಳುತ್ತವೆ. ಆಕ್ಸ್ ಮಟ್ಟ ಮಿತವಾಗಿಟ್ಟರೆ ಸಾಕು. ಪಿಸಿಎಂ1808ಕ್ಕೆ ಮಾಸ್ಟರ್ ಕ್ಲಾಕ್ (ಕೆಲಸದ ಲಯ ಕೊಡುವ ಮಿಡಿತ) ಬೇಕು, ಅದನ್ನು ಮೂಲ ಇಎಸ್‌ಪಿ32 ಕೇವಲ 0, 1, 3ನೇ ಪಿನ್ನುಗಳಲ್ಲಿ ಕೊಡುತ್ತದೆ. 1 ಮತ್ತು 3 ಸೀರಿಯಲ್ ಸಂಪರ್ಕಕ್ಕೆ ಬೇಕಾಗುವುದರಿಂದ 0 ಬಳಸುವುದು ವಾಡಿಕೆ.

ಢೋಲಿನ ಮೈಕಿಗೆ ಐಎನ್‌ಎಂಪಿ441. ಇದು ಡಿಜಿಟಲ್ ಮೈಕು, ಎಜಿಸಿ ಇಲ್ಲ, ಮತ್ತು ಇದರ ದೊಡ್ಡ ಗುಣವೆಂದರೆ ಮಾಪನಕ್ಕೆ ಅರ್ಥವಿದೆ: 94 ಡೆಸಿಬಲ್ ಸದ್ದಿಗೆ ಡಿಜಿಟಲ್ ತುದಿಯಿಂದ (ಮೈಕು ತೋರಿಸಬಲ್ಲ ಗರಿಷ್ಠದಿಂದ) 26 ಡೆಸಿಬಲ್ ಕೆಳಗೆ, 120ಕ್ಕೆ ತುದಿ. ಹಾಗಾಗಿ ಮಾಪನಕ್ಕೆ 120 ಕೂಡಿಸಿದರೆ ಗಾಳಿಯಲ್ಲಿನ ಸದ್ದು ಸಿಗುತ್ತದೆ. ಆರ್‌ಎಂಎಸ್ (ಶಿಖರದ ಬದಲು ಸರಾಸರಿ ಶಕ್ತಿ ನೋಡುವ) ಲೆಕ್ಕದಲ್ಲಿ ತುದಿಯನ್ನು 1 ಎಂದು ಹಿಡಿದರೆ 3 ಡೆಸಿಬಲ್ ಕಡಿಮೆ ಬರುತ್ತದೆ, ಅದನ್ನು ಕೂಡಿಸಿಕೊಳ್ಳಬೇಕು. ಸದ್ದಿನ ಮೀಟರಿನೊಂದಿಗೆ ಹೋಲಿಸುವಾಗ ಮೀಟರಿನ ಎ-ತೂಕ (ಕಿವಿಗೆ ಹೊಂದುವಂತೆ ಬೇಸ್ ತಗ್ಗಿಸಿ ತೋರಿಸುವ ಸೆಟ್ಟಿಂಗ್) ಹಾಕಬೇಡಿ: 80 ಹರ್ಟ್ಜ್ ಹತ್ತಿರ ಅದು 22 ಡೆಸಿಬಲ್ ಕಡಿಮೆ ತೋರಿಸುತ್ತದೆ, ಢೋಲಿನ ಜೀವವಿರುವುದೇ ಅಲ್ಲಿ. ಸಿ-ತೂಕದಲ್ಲಿ ಅಳೆಯಿರಿ.

ಮೈಕನ್ನು ಕಂಬದಿಂದ ತೆಗೆದು, ಢೋಲ್ ನಿಲ್ಲುವ ಜಾಗದಿಂದ 8 ಮೀಟರ್ ದೂರದ ಮನೆಯ ಜಗಲಿಗೆ ಒಯ್ಯಲಾಯಿತು. 2 ಮೀಟರ್ 8 ಆದರೆ ತೆರೆದ ಜಾಗದಲ್ಲಿ 12 ಡೆಸಿಬಲ್ ಇಳಿಕೆ. ಗಲ್ಲಿಯ ಗೋಡೆಗಳು ಸದ್ದನ್ನು ಹಿಡಿದಿಡುವುದರಿಂದ ಇಲ್ಲಿ 9 ಸಿಕ್ಕಿತು, ಅಷ್ಟು ಸಾಕಾಯಿತು.

ಐಎನ್‌ಎಂಪಿ441ರ ತಂತಿ ಒಂದು ಗೇಣು ಮೀರಬಾರದು. ಕ್ಲಾಕ್ ಸಂಕೇತ ಉದ್ದ ತಂತಿಯಲ್ಲಿ ಕೆಟ್ಟು ಮೈಕು ಕಸ ಓದುತ್ತದೆ. ಆದ್ದರಿಂದ ಜಗಲಿಯಲ್ಲೇ ಎರಡನೇ ಇಎಸ್‌ಪಿ32 ಕೂತಿತು. ಅದು ಸದ್ದನ್ನು ಕಳಿಸುವುದಿಲ್ಲ, ಕಳಿಸುವುದು ಮಟ್ಟ ಮತ್ತು ಏಟಿನ ಸುದ್ದಿ ಮಾತ್ರ, 6 ಬೈಟಿನ ಸಂದೇಶ. ಮೊದಲು ಇದನ್ನು ನಿಸ್ತಂತುವಾಗಿ ಇಎಸ್‌ಪಿ-ನೌ ಮೂಲಕ ಕಳಿಸಿ ನೋಡಲಾಯಿತು. ಮಧ್ಯಾಹ್ನ ಒಂದೂ ತಪ್ಪಲಿಲ್ಲ. ಸಂಜೆ ಗಲ್ಲಿ ತುಂಬ ಜನ, ಪ್ರತಿ ಕೈಯಲ್ಲೂ ಮೊಬೈಲ್, 2.4 ಗಿಗಾಹರ್ಟ್ಜ್ ಪಟ್ಟಿ ಕಿಕ್ಕಿರಿದು ಏಟುಗಳು ಕಳೆದುಹೋದವು. ಒಂದೇ ಏಟನ್ನು ಮೂರು ಸಲ ಕಳಿಸಿದರೂ ಕೆಲವು ತಡವಾಗಿ ಬಂದವು, ತಡವಾದ ಏಟು ತಪ್ಪಿದ ಏಟಿಗಿಂತ ಕೆಟ್ಟದ್ದು. ಕೊನೆಗೆ ಉದ್ದ ತಂತಿಯಲ್ಲಿ ದತ್ತಾಂಶ ಕಳಿಸುವ ಮ್ಯಾಕ್ಸ್485 ಹಲಗೆ ಎರಡು, 14 ಮೀಟರ್ ನೆಟ್‌ವರ್ಕ್ ಕೇಬಲ್, ಎರಡೂ ತುದಿಗೆ 120 ಓಮ್, 115200 ಬಾಡ್. 6 ಬೈಟ್ ಹೋಗಲು ಅರ್ಧ ಮಿಲಿಸೆಕೆಂಡು. ಜನ ಸೇರುವ ಕಡೆ ತಂತಿಯೇ ಮೇಲು.

ಹೊಸ್ತಿಲು ಎಲ್ಲಿ

ಎರಡೂ ಕಡೆ ಲೆಕ್ಕ ಒಂದೇ. ಸೆಕೆಂಡಿಗೆ 22050 ಮಾದರಿ, 512 ಮಾದರಿಗಳ ಒಂದು ಚೌಕಟ್ಟು. ಒಂದು ಚೌಕಟ್ಟಿಗೆ 23.2 ಮಿಲಿಸೆಕೆಂಡು, ಸೆಕೆಂಡಿಗೆ 43 ಚೌಕಟ್ಟು, ಆವರ್ತನದ ಮೆಟ್ಟಿಲು 43 ಹರ್ಟ್ಜ್. ಮೊದಲು ಚೌಕಟ್ಟಿನ ಸರಾಸರಿ ಕಳೆಯಬೇಕು; ಐಎನ್‌ಎಂಪಿ441ರಲ್ಲಿ ಸ್ಥಿರ ಅಂಶ ಇರುತ್ತದೆ, ಕಳೆಯದಿದ್ದರೆ ಅದು ಮೊದಲ ಮೆಟ್ಟಿಲಿಗೆ ಸೋರಿ ಬೇಸ್ ಸದಾ ಇರುವಂತೆ ತೋರಿಸುತ್ತದೆ. ಆಮೇಲೆ ಹ್ಯಾನ್ ಕಿಟಕಿ (ಚೌಕಟ್ಟಿನ ಎರಡೂ ತುದಿಗಳನ್ನು ಮೆಲ್ಲಗೆ ತಗ್ಗಿಸುವುದು), ಎಫ್‌ಎಫ್‌ಟಿ (ಸದ್ದನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ), ಆವರ್ತನ ಪಟ್ಟಿಗಳ ಶಕ್ತಿ ಕೂಡಿಸಿ ಡೆಸಿಬಲ್‌ಗೆ ಪರಿವರ್ತನೆ. ಪಟ್ಟಿಗಳು ನಾಲ್ಕು: 1ರಿಂದ 3ನೇ ಮೆಟ್ಟಿಲು ಢೋಲಿನ ಬೇಸ್ ಮತ್ತು ತಬಲಾದ ಡಗ್ಗಾಕ್ಕೆ, 6ರಿಂದ 23 ಗಾಯನ, ಹಾರ್ಮೋನಿಯಂ ಮತ್ತು ಬಲಗೈ ತಬಲಾಕ್ಕೆ (ಹಾರ್ಮೋನಿಯಂನ ಕಪ್ಪು ಒಂದರ ಶ್ರುತಿಗೆ ಕೂಡಿಸಿದ ತಬಲಾದ ಷಡ್ಜ 277 ಹರ್ಟ್ಜ್, ಆರನೇ ಮೆಟ್ಟಿಲಲ್ಲೇ ಬೀಳುತ್ತದೆ), 47ರಿಂದ 116 ತಾಶಾಕ್ಕೆ, 140ರಿಂದ 230 ಕೈತಾಳಕ್ಕೆ.

ಶಿಖರಕ್ಕೆ ಬದಲು ಆರ್‌ಎಂಎಸ್ ಶಕ್ತಿ ನೋಡುವುದರಿಂದಲೇ ಮಗ್ಗದ ಅರ್ಧ ಬಲ ಕುಸಿಯಿತು. ಲಾಳಿಯ ಏಟು ಚೂಪು ಮತ್ತು ಕ್ಷಣಿಕ. ಶಿಖರ ಎತ್ತರ, 23 ಮಿಲಿಸೆಕೆಂಡಿನ ಒಟ್ಟು ಶಕ್ತಿ ಕಡಿಮೆ.

ಏಟನ್ನು ಗುರುತಿಸಲು ಮೊದಲು ಬಳಸಿದ ನಿಯಮ ಬಹಳ ಕಡೆ ಕಾಣುವಂಥದ್ದು: ಪಟ್ಟಿಯ ನಿಧಾನ ಸರಾಸರಿ ಇಟ್ಟುಕೊಂಡು, ಈಗಿನ ಮಟ್ಟ ಅದಕ್ಕಿಂತ 6 ಡೆಸಿಬಲ್ ಮೇಲಿದ್ದರೆ ಏಟು. ಸರಾಸರಿಯ ಕಾಲಮಾನ 4 ಸೆಕೆಂಡು, ಅಂದರೆ ಪ್ರತಿ ಚೌಕಟ್ಟಿಗೆ ವ್ಯತ್ಯಾಸದ 0.0058 ಪಾಲು ಸೇರಿಸುವುದು. ವಾಲ್ಯೂಮ್ ಹೆಚ್ಚು ಕಡಿಮೆಯಾದರೂ ಹೊಂದಿಕೊಳ್ಳುತ್ತದೆ ಎಂಬ ನಂಬಿಕೆ. ಎರಡು ಕಡೆ ಮುರಿಯಿತು. ಹಾಡು ನಿಂತರೆ ಸರಾಸರಿ ಮಗ್ಗದ ಮಟ್ಟಕ್ಕೆ ಇಳಿಯುತ್ತದೆ, ಆಗ ಮಗ್ಗದ ಏಟೇ 6 ಡೆಸಿಬಲ್ ಮೇಲೆ. ಎಜಿಸಿ ಮಾಡಿದ ತಪ್ಪನ್ನು ನಾವೇ ಸಾಫ್ಟ್‌ವೇರಿನಲ್ಲಿ ಮತ್ತೆ ಮಾಡಿದಂತಾಯಿತು. ಎರಡನೆಯದು, ಢೋಲ್ ದ್ರುತಕ್ಕೆ ಹೋದಾಗ ಸರಾಸರಿಯೇ ಏಟಿನ ಎತ್ತರಕ್ಕೆ ಏರಿ ಅರ್ಧ ಏಟುಗಳು ಲೆಕ್ಕಕ್ಕೆ ಬರಲಿಲ್ಲ. ಜನ ಹುಚ್ಚೆದ್ದು ಕುಣಿಯುವ ಹೊತ್ತಿಗೇ ದೀಪ ಸುಸ್ತಾಗುತ್ತಿತ್ತು.

ಉಳಿದ ನಿಯಮಕ್ಕೆ ಮೂರು ಷರತ್ತು, ಮೂರೂ ಒಟ್ಟಿಗೆ ಸರಿಯಾಗಬೇಕು.

ಒಂದು, ಬಾಗಿಲು. ಒಟ್ಟು ಮಟ್ಟ ಒಂದು ಸ್ಥಿರ ಗೆರೆಯ ಮೇಲಿರಬೇಕು. ಡಿಜಿಟಲ್ ತುದಿಯಿಂದ ಎಷ್ಟು ಡೆಸಿಬಲ್ ಕೆಳಗೆ ಎಂಬ ಲೆಕ್ಕದಲ್ಲಿ, ಜಗಲಿಯ ಮೈಕಿನಲ್ಲಿ ಮಗ್ಗ −60ರ ಹತ್ತಿರ, ಸ್ಪೀಕರಿನ ಭಜನೆ −40, ಢೋಲ್ −20ರಿಂದ −16. ಗೆರೆ −30ಕ್ಕೆ, ಭಜನೆಗೂ ಢೋಲಿಗೂ ತಲಾ 10 ಡೆಸಿಬಲ್ ದೂರ. ತೆರೆಯುವುದು −30ರಲ್ಲಿ, ಮುಚ್ಚುವುದು −36ರ ಕೆಳಗೆ 2 ಸೆಕೆಂಡು ಉಳಿದ ಮೇಲೆ. ತೆರೆಯುವ ಮತ್ತು ಮುಚ್ಚುವ ಗೆರೆ ಒಂದೇ ಆದರೆ ಮಟ್ಟ ಗೆರೆಯ ಮೇಲೆ ಆಡುವಾಗ ದೀಪ ಪಟಪಟನೆ ಬಡಿದುಕೊಳ್ಳುತ್ತದೆ. ಮಿಕ್ಸರ್ ದಾರಿಯಲ್ಲಿ ಗೆರೆ −45, ಮುಚ್ಚುವುದು −51ರ ಕೆಳಗೆ ಒಂದೂವರೆ ಸೆಕೆಂಡು. ಆ ದಾರಿಗೂ ಗೆರೆ ಬೇಕಾದದ್ದು ಯಾಕೆಂದರೆ ಗಾಯಕರ ಮೈಕುಗಳು ತೆರೆದೇ ಇರುತ್ತವೆ, ಅವುಗಳಿಂದ ಮಗ್ಗ ಒಳನುಗ್ಗಿ −52ರ ಹತ್ತಿರ ಕೂತಿತ್ತು. ಮಿಕ್ಸರ್ ದಾರಿಯ ಈ ಗೆರೆಯನ್ನು ಊಹೆಯಿಂದ ಇಡಬಾರದು. ಮಗ್ಗಗಳು ಓಡುತ್ತಿರುವಾಗ, ವೇದಿಕೆ ಮೌನವಾಗಿರುವಾಗ, ಒಂದು ನಿಮಿಷದ ಮಟ್ಟ ದಾಖಲಿಸಿ, ನೂರರಲ್ಲಿ ತೊಂಬತ್ತೈದು ಚೌಕಟ್ಟುಗಳು ಯಾವ ಮಟ್ಟದ ಕೆಳಗಿವೆ ನೋಡಿ, ಅದಕ್ಕೆ 6 ಡೆಸಿಬಲ್ ಸೇರಿಸಿ.

ಎರಡು, ಏರಿಕೆ. ಪಟ್ಟಿಯ ಈಗಿನ ಮಟ್ಟವನ್ನು ಹಿಂದಿನ 6 ಚೌಕಟ್ಟುಗಳ, ಅಂದರೆ 139 ಮಿಲಿಸೆಕೆಂಡುಗಳ, ಅತಿ ತಗ್ಗಿನೊಂದಿಗೆ ಹೋಲಿಸುವುದು. ತಗ್ಗಿನಿಂದ 5 ಡೆಸಿಬಲ್ ಏರಿದ್ದರೆ ಏಟು. ದ್ರುತದಲ್ಲಿ ಸೆಕೆಂಡಿಗೆ ಆರು ಏಟು ಬಿದ್ದರೂ ನಡುವೆ ಸಣ್ಣ ತಗ್ಗು ಇದ್ದೇ ಇರುತ್ತದೆ, ಈ ನಿಯಮ ಅದನ್ನೇ ಹಿಡಿಯುತ್ತದೆ. ಹಾರ್ಮೋನಿಯಂ ಎಷ್ಟೇ ಜೋರಾಗಿ ಹಿಡಿದು ನಿಂತರೂ ಏರಿಕೆ ಇಲ್ಲ, ಏಟೂ ಇಲ್ಲ.

ಮೂರು, ಬಿಡುವು. ಒಂದು ಏಟಿನ ನಂತರ 5 ಚೌಕಟ್ಟು, 116 ಮಿಲಿಸೆಕೆಂಡು, ಆ ಪಟ್ಟಿಯಲ್ಲಿ ಮತ್ತೊಂದು ಏಟು ಸ್ವೀಕರಿಸುವುದಿಲ್ಲ. ಒಂದೇ ಢೋಲಿನ ಏಟು ಎದುರು ಗೋಡೆಗೆ ತಾಗಿ ಮರಳಿದಾಗ ಎರಡಾಗಿ ಎಣಿಸುವುದು ಇದರಿಂದ ತಪ್ಪುತ್ತದೆ.

ಬೆಳಕಿನ ಪ್ರಮಾಣ ಬೇರೆ ಲೆಕ್ಕ. ರೆಕಾರ್ಡ್ ಹಾಡು ಭಜನೆಗಿಂತ 8ರಿಂದ 10 ಡೆಸಿಬಲ್ ಜೋರಾಗಿರುತ್ತದೆ, ಹಾಗಾಗಿ ಪೂರ್ಣ ಬೆಳಕಿನ ಗೆರೆ ಇತ್ತೀಚಿನ ಗರಿಷ್ಠವನ್ನು ಹಿಂಬಾಲಿಸುತ್ತದೆ, ಸೆಕೆಂಡಿಗೆ ಅರ್ಧ ಡೆಸಿಬಲ್‌ನಂತೆ ಇಳಿಯುತ್ತದೆ, ಆದರೆ −30ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಇದೂ ಒಂದು ಎಜಿಸಿಯೇ. ತಳ ಕಟ್ಟಿದ ಎಜಿಸಿ. ತಳವಿಲ್ಲದ್ದು ಮೌನವನ್ನೂ ಹಾಡಾಗಿಸುತ್ತದೆ. ಬೆಳಕು ಏರುವ ಕಾಲಮಾನ 10 ಮಿಲಿಸೆಕೆಂಡು (ಗುಣಾಂಕ 0.90), ಇಳಿಯುವುದು 250 (0.089). ಏರಿಕೆ ನಿಧಾನವಾದರೆ ಏಟು ಮೊಂಡಾಗುತ್ತದೆ. ಇಳಿಕೆ ವೇಗವಾದರೆ ಕಣ್ಣಿಗೆ ಚುಚ್ಚುತ್ತದೆ.

ಯಾವ ಸದ್ದಿಗೆ ಯಾವ ಬೆಳಕು

ಪ್ರತಿ ಏಟಿಗೂ ಇಡೀ ಕಮಾನು ಬಿಳಿ ಮಿಂಚಬೇಕೆಂಬ ಆಸೆಯನ್ನು ಬಿಡಲೇಬೇಕಾಯಿತು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಂಚು ಬೆಳಕಿಗೆ ಸೂಕ್ಷ್ಮವಾದ ಅಪಸ್ಮಾರ ಇರುವವರಲ್ಲಿ ಸೆಳವು ಬರಿಸಬಹುದು, ಮತ್ತು ಮಂಟಪದ ಮುಂದೆ ಕೂತಿರುವುದು ಮಕ್ಕಳು. ಪೂರ್ಣ ಮಿಂಚಿಗೆ ಕನಿಷ್ಠ 350 ಮಿಲಿಸೆಕೆಂಡು ಅಂತರ ಕಡ್ಡಾಯ ಮಾಡಿ, ಅದನ್ನು ಸೆಟ್ಟಿಂಗ್‌ಗಳಲ್ಲಿ ಬದಲಿಸಲಾಗದಂತೆ ಇಡಲಾಯಿತು. ಉಳಿದ ಏಟುಗಳು ಕಂಬದ ಬುಡದಿಂದ ಮೇಲಕ್ಕೆ ಹರಿಯುವ ಅಲೆಗಳಾಗುತ್ತವೆ. ತಾಶಾ ಉರುಳಿಕೆಯನ್ನು ಬಿಡಿ ಏಟುಗಳಾಗಿ ಎಣಿಸುವುದು ವ್ಯರ್ಥ. ಅದರ ಮಟ್ಟಕ್ಕೆ ತಕ್ಕಂತೆ ಕಂಬ ಕೆಂಪಾಗಿ ತುಂಬುತ್ತ ಹೋಗುತ್ತದೆ. ಕೈತಾಳಕ್ಕೆ ಕಮಾನಿನ ಮೇಲೆ ಚಿಕ್ಕ ಕಿಡಿಗಳು. ಗಾಯನ ಮತ್ತು ಹಾರ್ಮೋನಿಯಂ ಬಣ್ಣವನ್ನು ನಿಧಾನ ಸರಿಸುತ್ತವೆ, 600 ಮಿಲಿಸೆಕೆಂಡಿನ ಇಳಿಕೆಯಲ್ಲಿ. ಭಜನೆಯ ಹೊತ್ತಿಗೆ ಇದು ತುಂಬ ಹಿತವಾಗಿ ಕಂಡಿತು. ಅಲ್ಲಿ ಬಣ್ಣಕ್ಕೆ ಅವಸರ ಇರಬಾರದು.

ಸಮಯದ ಹೊಂದಾಣಿಕೆ ಭಯಪಟ್ಟಷ್ಟು ಕಷ್ಟವಾಗಲಿಲ್ಲ. ಚೌಕಟ್ಟಿಗೆ 23 ಮಿಲಿಸೆಕೆಂಡು. ಒಂದು ದೀಪದ ದತ್ತಾಂಶಕ್ಕೆ 30 ಮೈಕ್ರೊಸೆಕೆಂಡು, 600ಕ್ಕೆ 18 ಮಿಲಿಸೆಕೆಂಡು. ದೀಪದ ಪಟ್ಟಿಯನ್ನು ಎರಡು ಪಿನ್ನಿಗೆ ಮುನ್ನೂರರಂತೆ ಹಂಚಿದ್ದರಿಂದ 9. ಸದ್ದು ಗಾಳಿಯಲ್ಲಿ ಮೀಟರಿಗೆ 3 ಮಿಲಿಸೆಕೆಂಡು ತೆಗೆದುಕೊಳ್ಳುತ್ತದೆ, ಆದ್ದರಿಂದ ಸ್ಪೀಕರಿನಿಂದ 20 ಮೀಟರ್ ದೂರ ನಿಂತವರಿಗೆ ಬೆಳಕೇ ಮೊದಲು ಮುಟ್ಟುತ್ತದೆ. ಸದ್ದು 125 ಮಿಲಿಸೆಕೆಂಡಿನವರೆಗೆ ಹಿಂದೆ ಬಿದ್ದರೂ ಜನ ಗುರುತಿಸುವುದು ಕಷ್ಟ ಎಂಬುದು ದೂರದರ್ಶನ ಪ್ರಸಾರದ ಮಾನದಂಡಗಳಿಂದ ತಿಳಿದದ್ದೇ.

ಪರದೆಯ ಪ್ರಾಜೆಕ್ಟ್‌ಎಂಗೂ ಇದೇ ಆಕ್ಸ್ ದಾರಿ ಕೊಡಲಾಯಿತು. ಅದು 2001ರ ಮಿಲ್ಕ್‌ಡ್ರಾಪ್ ವಿಶುವಲೈಸರಿನ ಪರಂಪರೆಯದು. ಅಲ್ಲಿ ಬೇಸ್, ಮಿಡ್, ಟ್ರೆಬಲ್ ಮೌಲ್ಯಗಳು ಇತ್ತೀಚಿನ ಸಾಮಾನ್ಯಕ್ಕೆ ಹೋಲಿಸಿದ ಮೌಲ್ಯಗಳು, 1 ಅಂದರೆ ಸಾಮಾನ್ಯ, 1.3 ದಾಟಿದರೆ ಜೋರು. ಹೀಗಾಗಿ ಮೌನದಲ್ಲಿ ಅದೂ ಮಗ್ಗಕ್ಕೆ ಕುಣಿಯುತ್ತಿತ್ತು. ಮಿಕ್ಸರಿನ ನಂತರ ಲ್ಯಾಪ್‌ಟಾಪಿಗೆ ಹೋಗುವ ಮೊದಲು ನಾಯ್ಸ್ ಗೇಟ್ (ಸಣ್ಣ ಸದ್ದನ್ನು ತಡೆಯುವ ಬಾಗಿಲು) ಹಾಕಿದ್ದಕ್ಕೆ ಅದು ನಿಂತಿತು. ಏಟಿಗೆ ಚಿತ್ರ ಬದಲಿಸುವ ಹಾರ್ಡ್ ಕಟ್ಟಿಗೆ ಕನಿಷ್ಠ 30 ಸೆಕೆಂಡು ಇಟ್ಟದ್ದರಿಂದ ಮೂರ್ತಿಯ ಹಿಂದಿನ ಗಡಿಬಿಡಿ ತಗ್ಗಿತು.

ವಿದ್ಯುತ್ತು

600 ದೀಪ ಪೂರ್ಣಬಿಳಿಯಾದರೆ ತಲಾ 60 ಮಿಲಿಆಂಪಿಯರಿನಂತೆ 36 ಆಂಪಿಯರ್. ಫರ್ಮ್‌ವೇರಿನಲ್ಲಿ 15 ಆಂಪಿಯರಿಗೆ ಮಿತಿ ಹಾಕಲಾಯಿತು. ರಾತ್ರಿಗೆ ಅಷ್ಟು ಬೆಳಕು ಧಾರಾಳ. ಎಸ್‌ಎಂಪಿಎಸ್ ಮೊದಲು ಮೂರ್ತಿಯ ಹಿಂದೆ, ಪಟ್ಟಿಯಿಂದ 6 ಮೀಟರ್ ದೂರ ಇತ್ತು. 2.5 ಚದರ ಮಿಲಿಮೀಟರ್ ತಾಮ್ರ ಮೀಟರಿಗೆ 7.4 ಮಿಲಿಓಮ್, ಹೋಗಿ ಬರುವ 12 ಮೀಟರಿನಲ್ಲಿ 15 ಆಂಪಿಯರಿಗೆ 1.3 ವೋಲ್ಟ್ ನಷ್ಟ. ದೂರದ ತುದಿಯಲ್ಲಿ ಬಿಳಿ ಹೋಗಿ ಕಿತ್ತಳೆಯಾಗುತ್ತಿದ್ದದ್ದು ಇದರಿಂದ. ಕಂಬದ ಬಳಿಗೆ, ಒಂದೂವರೆ ಮೀಟರಿಗೆ ತಂದಾಗ ನಷ್ಟ 0.33ಕ್ಕೆ ಇಳಿಯಿತು, ಜತೆಗೆ ಪ್ರತಿ ಎರಡೂವರೆ ಮೀಟರಿಗೆ ಪ್ರತ್ಯೇಕ ತಂತಿ. ಇಎಸ್‌ಪಿ32ರ 3.3 ವೋಲ್ಟ್ ದತ್ತಾಂಶ ದೀಪಗಳು ಕೇಳುವ 3.5 ವೋಲ್ಟಿಗಿಂತ ಕಡಿಮೆ, ಆದ್ದರಿಂದ ನಡುವೆ ಅದನ್ನು 5 ವೋಲ್ಟಿಗೆ ಏರಿಸುವ 74ಎಎಚ್‌ಸಿಟಿ125 ಚಿಪ್, ಆಮೇಲೆ 330 ಓಮ್. ಇಎಸ್‌ಪಿ32 ಮತ್ತು ಪಿಸಿಎಂ1808ಕ್ಕೆ ಬೇರೆಯೇ 5 ವೋಲ್ಟ್ ಅಡಾಪ್ಟರ್. ದೀಪದ ನೆಲವೂ ಅವುಗಳ ನೆಲವೂ ಎಸ್‌ಎಂಪಿಎಸ್‌ನ ತಿರುಪಿನ ಬಳಿ ಒಂದೇ ಒಂದು ಕಡೆ ಕೂಡುತ್ತವೆ. ಡಬ್ಬಿ ಮತ್ತು ಸ್ಪಂಜಿನ ಪರೀಕ್ಷೆಯನ್ನು ಮತ್ತೆ ಮಾಡಿದಾಗ ಅರೆಬಿಳಿಯಲ್ಲೂ ಮಾಪನ ಕದಲಲಿಲ್ಲ. ಹಬ್ಬದ ಹೊತ್ತಿಗೆ ಬೆಳಗಾವಿಯಲ್ಲಿ ಮಳೆ ಬಿಟ್ಟಿರುವುದಿಲ್ಲ, ಹಾಗಾಗಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಕ್ಷಣ ಕಡಿದುಹಾಕುವ ಸ್ವಿಚ್ಚು) ಇಲ್ಲದೆ ಮಂಟಪಕ್ಕೆ ವಿದ್ಯುತ್ ಎಳೆಯಕೂಡದು.

ಉಳಿದದ್ದು

ಬದಲಾವಣೆಗಳ ನಂತರ ಹಾಡುಗಳ ನಡುವೆ ಕಮಾನು ಮಂದ ಹಳದಿಯಲ್ಲಿ ಸುಮ್ಮನಿರುತ್ತದೆ, ಮಗ್ಗಗಳು ಓಡುತ್ತಿದ್ದರೂ. ಹತ್ತರ ನಂತರ ಸ್ಪೀಕರ್ ಮೆಲ್ಲಗಾದರೂ ಡಗ್ಗಾದ ಅಲೆ ಕಂಬ ಏರುತ್ತದೆ. ಸರಿಯಾಗದೆ ಉಳಿದದ್ದು ಪಟಾಕಿ. ಅದರ ಸದ್ದು −30ರ ಬಾಗಿಲನ್ನು ಒದ್ದು ತೆರೆಯುತ್ತದೆ, ಏರಿಕೆಯ ಷರತ್ತನ್ನೂ ಪಾಸಾಗುತ್ತದೆ. ಎರಡು ಸೆಕೆಂಡಿನಲ್ಲಿ ಕನಿಷ್ಠ ಮೂರು ಏಟು ಬಿದ್ದ ಮೇಲೆಯೇ ಢೋಲ್ ಎಂದು ಒಪ್ಪುವ ನಿಯಮ ಸೇರಿಸಿದ್ದರಿಂದ ಒಂಟಿ ಪಟಾಕಿ ತಪ್ಪಿತು, ಸರಪಟಾಕಿ ತಪ್ಪಲಿಲ್ಲ.

ವಿಸರ್ಜನೆಯ ದಿನ ಮೂರ್ತಿ ಟ್ರ್ಯಾಕ್ಟರ್ ಏರಿ ಕಪಿಲೇಶ್ವರ ಹೊಂಡದ ಕಡೆ ಹೊರಟಾಗ ಢೋಲ್ ಪಕ್ಕದಲ್ಲೇ ನಡೆಯುತ್ತದೆ, ಮಿಕ್ಸರ್ ಇರುವುದಿಲ್ಲ. ಆ ದಿನಕ್ಕೆ ಬೇರೆ ಸೆಟ್ಟಿಂಗ್ ಉಳಿಸಲಾಗಿದೆ: ಮಿಕ್ಸರ್ ದಾರಿ ಬಂದ್, ಮೈಕು ಟ್ರ್ಯಾಕ್ಟರಿನ ಎಂಜಿನ್ನಿಂದ ದೂರ ಹಿಂಬದಿಯಲ್ಲಿ ಸ್ಪಂಜಿನ ಟೋಪಿಯೊಂದಿಗೆ, ಬಾಗಿಲು −30ರಿಂದ −18ಕ್ಕೆ.